ನಾಲ್ಕು ಚೆಕ್ ಡ್ಯಾಂ ಮೊದಲೋ, ಮಡ್ಡಿ ಮ್ಯಾಲಿನ ಕೆಲಸ ಮೊದಲೋ? ಕುಷ್ಟಗಿ ಕಡೆಯ ಒಂದು ಕಿರು ಜಲಾನಯನದ ಬಗ್ಗೆ ಚರ್ಚೆ

ಕುಷ್ಟಗಿ_ಮಡ್ಡಿ
ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಕಿರು ಜಲಾನಯನ, ಅಂದರೆ ಒಂದೇ ಹಳ್ಳಕ್ಕೆ ಮಳೆನೀರು ಇಳಿಯುವ ಪ್ರದೇಶ, ಸುಮಾರು 500 ಹೆಕ್ಟೇರ್. ಮೇಲ್ಗಡೆ 70 ಹೆಕ್ಟೇರ್ ಮಡ್ಡಿ (ಎತ್ತರದ ಕಲ್ಲುಗರಸಿನ ನೆಲ), ಗೋಮಾಳ. ತುಂಬಾ ಬಳ್ಳಾರಿ ಜಾಲಿ ಮತ್ತು ಬೋಳು ಗರಸು. ನಡುವೆ 300 ಹೆಕ್ಟೇರ್ ಮಸಾರಿ (ಕೆಂಪು ಮಣ್ಣಿನ) ಹೊಲ, ಇಳಿಜಾರು ನೂರಕ್ಕೆ 2ರಿಂದ 4. ಕೆಳಗಡೆ ಎರಿ (ಕಪ್ಪು ಮಣ್ಣು). ಮಧ್ಯೆ ಒಂದೇ ಹಳ್ಳ. ಬೆಳೆ ಸಜ್ಜಿ, ಶೇಂಗಾ, ತೊಗರಿ, ಹೆಸರು. ಎರಿಯಲ್ಲಿ ಹಿಂಗಾರಿ ಜೋಳ, ಕಡಲಿ.

ಒಂದು ಕಾರ್ಖಾನೆಯವರು ಸಮುದಾಯ ನಿಧಿಯಿಂದ ಹಳ್ಳಕ್ಕೆ ನಾಲ್ಕು ಚೆಕ್ ಡ್ಯಾಂ ಕಟ್ಟಿಸಿಕೊಡುತ್ತೇವೆ ಅಂದಿದ್ದಾರೆ. ಉದ್ಯೋಗ ಖಾತ್ರಿ ಹಣವನ್ನೂ ಅದಕ್ಕೇ ಸೇರಿಸೋಣ ಅನ್ನೋದು ಪಂಚಾಯಿತಿ ಸದಸ್ಯರ ಮಾತು. ಕೆಲವರು ಮಾತ್ರ ಮೊದಲು ಮಡ್ಡಿಯಿಂದ ಸುರು ಮಾಡಬೇಕು ಅಂತಿದ್ದಾರೆ. ಗ್ರಾಮಸಭೆಯಲ್ಲಿ ಲೆಕ್ಕ ಇಟ್ಟು ಮಾತಾಡಬೇಕಾಗಿದೆ. ಇದರಿಂದ ಊರಿನ ಕೈಗೆ ದುಡ್ಡು ಹೆಂಗ ಬರುತ್ತದೆ ಅನ್ನೋದನ್ನೂ ಹೇಳಬೇಕು. ಗೊತ್ತಿದ್ದವರು ತಿಳಿಸಿ.

ಲೆವೆಲ್_ಪಟ್ಟಿ
ಮೊದಲು ನೀರಿನ ಲೆಕ್ಕ ಹಾಕೋಣ. ಒಂದು ಹೆಕ್ಟೇರ್ ಮೇಲೆ ಒಂದು ಮಿ.ಮೀ. ಮಳೆ ಅಂದರೆ 10 ಘನ ಮೀಟರ್, ಅಂದರೆ 10,000 ಲೀಟರ್. ನಿಮ್ಮ ಕಡೆ ವರ್ಷದ ಮಳೆ 600 ಮಿ.ಮೀ. ಆಸುಪಾಸು ಹಿಡಿದರೆ 500 ಹೆಕ್ಟೇರಿಗೆ 30 ಲಕ್ಷ ಘನ ಮೀಟರ್. ಅದರಲ್ಲಿ ನೂರಕ್ಕೆ 15 ಹರಿದು ಹೋಗುತ್ತದೆ ಅಂತಿಟ್ಟುಕೊಂಡರೆ 4.5 ಲಕ್ಷ ಘನ ಮೀಟರ್ ನೀರು ಹಳ್ಳ ಹಿಡಿದು ಊರು ಬಿಡುತ್ತದೆ.

ಈಗ ಚೆಕ್ ಡ್ಯಾಂ ನೋಡಿ. ಹಳ್ಳದ ಅಗಲ 15 ಮೀಟರ್, ಗೋಡೆ ಎತ್ತರ ಒಂದೂವರೆ ಮೀಟರ್, ಹಳ್ಳದ ತಳದ ಇಳಿಜಾರು ನೂರಕ್ಕೆ ಒಂದು ಇದ್ದರೆ ನೀರು 150 ಮೀಟರ್ ಹಿಂದಕ್ಕೆ ನಿಲ್ಲುತ್ತದೆ. ನೀರು ನಿಲ್ಲುವ ಆಕಾರ ಬೆಣೆಯಂತೆ, ಆದ್ದರಿಂದ ಅರ್ಧ ಹಿಡಿಯಬೇಕು: ಸುಮಾರು 1,700 ಘನ ಮೀಟರ್. ಇಳಿಜಾರು ನೂರಕ್ಕೆ ಮೂರಾದರೆ ಅದೇ ಗೋಡೆ, ಅದೇ ಸಿಮೆಂಟು, ಆದರೆ ನೀರು ಬರೀ 560 ಘನ ಮೀಟರ್. ಒಳ್ಳೆ ಜಾಗದಲ್ಲೇ ನಾಲ್ಕೂ ಕಟ್ಟಿದಿರಿ, ಮಳೆಗಾಲದಲ್ಲಿ ಐದು ಸಲ ತುಂಬಿ ಇಂಗಿತು ಅಂದರೂ 34,000 ಘನ ಮೀಟರ್. ಹರಿದು ಹೋಗುವ ನೀರಿನ ನೂರರಲ್ಲಿ ಎಂಟು ಪಾಲೂ ಇಲ್ಲ.

ಹೊಲದ ಮಣ್ಣಿಗೆ ಬನ್ನಿ. ಮಸಾರಿ ಎರಡು ಅಡಿ ಆಳ ಇದ್ದಲ್ಲಿ ಬೆಳೆಗೆ ಸಿಗುವಂತೆ ಸುಮಾರು 60 ಮಿ.ಮೀ. ನೀರು ಹಿಡಿದಿಟ್ಟುಕೊಳ್ಳುತ್ತದೆ. ಹೆಕ್ಟೇರಿಗೆ 600 ಘನ ಮೀಟರ್. 300 ಹೆಕ್ಟೇರಿಗೆ 1.8 ಲಕ್ಷ. ಇದು ಒಂದು ಸಲ ತುಂಬಿದ ಲೆಕ್ಕ. ಬೆಳೆ ಹೀರಿಕೊಂಡ ಮೇಲೆ ಮುಂದಿನ ಮಳೆಗೆ ಮತ್ತೆ ತುಂಬುತ್ತದೆ. ನಿಮ್ಮೂರಿನ ಅತಿ ದೊಡ್ಡ ಕೆರೆ ಹೊಲದ ಮಣ್ಣೇ. ಅದಕ್ಕೆ ನೀರು ಇಳಿಯುವಂತೆ ಒಡ್ಡು ಹಾಕದೆ ಹಳ್ಳದಲ್ಲಿ ಗೋಡೆ ಕಟ್ಟಿದರೆ ಆ ಗೋಡೆಯ ಹಿಂದೆ ಬಂದು ಕೂರೋದು ನಿಮ್ಮ ಹೊಲದ ಮೇಲ್ಮಣ್ಣು. ಹೆಕ್ಟೇರಿಗೆ ವರ್ಷಕ್ಕೆ 5 ಟನ್ ಮಣ್ಣು ಹಳ್ಳಕ್ಕೆ ಬರುತ್ತದೆ ಅಂತಿಟ್ಟುಕೊಳ್ಳಿ, 300 ಹೆಕ್ಟೇರಿಗೆ 1,500 ಟನ್, ಅಂದರೆ ಸಾವಿರ ಘನ ಮೀಟರಿನಷ್ಟು ಹೂಳು. ಮೇಲಿನ ಮೊದಲ ಚೆಕ್ ಡ್ಯಾಂ ಎರಡು ಮಳೆಗಾಲಕ್ಕೆ ಸಮತಟ್ಟಾಗುತ್ತದೆ.

ಎರಿಹೊಲ_ಯಲಬುರ್ಗಾ
ಲೆವೆಲ್ ಸರ್ ಹೇಳಿದ ಲೆಕ್ಕ ಖರೆ, ಆದ್ರ ಒಡ್ಡು ಅಂದ ಕೂಡಲೇ ಎಲ್ಲಾ ಕಡೆ ಒಂದೇ ಥರ ಹಾಕಬ್ಯಾಡ್ರಿ. ಮಸಾರಿಗೆ ಸಮಪಾತಳಿ ಒಡ್ಡು, ಅಂದ್ರ ಒಂದೇ ಮಟ್ಟದ ಗೆರಿ ಹಿಡಿದು ಹಾಕೋ ಒಡ್ಡು, ನಡೀತೈತಿ. ಆಳದ ಎರಿಯೊಳಗ ಅದನ್ನ ಹಾಕಿದ್ರ ನೀರು ವಾರಗಟ್ಟಲೆ ಒಡ್ಡಿನ ಬುಡದಾಗ ನಿಂತು ಬೆಳಿ ಹಳದಿ ಆಗಿ ಕೊಳೀತೈತಿ. ರೈತ ಎರಡನೇ ವರ್ಷ ತಾನ ಸಲಿಕಿ ತಗೊಂಡು ಒಡ್ಡು ಒಡೀತಾನ. ಒಡೆದ ಜಾಗದಾಗ ಕೊರಕಲು ಸುರು ಆಗ್ತೈತಿ, ಮೊದಲಿನಕ್ಕಿಂತ ಜಾಸ್ತಿ ಮಣ್ಣು ಹೋಗ್ತೈತಿ.

ಎರಿಗೆ ಬೇಕಾದ್ದು ಇಳುಕಲು ಒಡ್ಡು. 100 ಮೀಟರಿಗೆ 20 ಸೆಂಟಿಮೀಟರ್ ಇಳುಕಲು ಕೊಟ್ಟು, ಹೆಚ್ಚಾದ ನೀರು ಮೆಲ್ಲಕ ಒಂದು ಹುಲ್ಲುಗಾಲುವಿಗೆ ಹೋಗೋಹಂಗ ಮಾಡ್ರಿ. ಹುಲ್ಲುಗಾಲುವಿ ಮೊದಲು, ಒಡ್ಡು ಆಮ್ಯಾಲ. ಹುಲ್ಲು ಕಚ್ಚಿಕೊಳ್ಳೋಕಿಂತ ಮೊದಲ ನೀರು ಬಿಟ್ರ ಕಾಲುವಿನ ಕೊರಕಲು ಆಗಿಬಿಡ್ತೈತಿ. ಬಳ್ಳಾರಿಯೊಳಗ 1954ರಿಂದ ಮಣ್ಣು-ನೀರು ಸಂರಕ್ಷಣಾ ಸಂಶೋಧನಾ ಕೇಂದ್ರ ಐತಿ. ಎರಿ ಭೂಮಿಗೆ ಏನು ಹೊಂದತೈತಿ ಅನ್ನೋದು ಅವರ ಮುಖ್ಯ ಕೆಲಸ. ಎಂಜಿನಿಯರ್ ಯಾರೇ ಬರಲಿ, ಆ ಕೇಂದ್ರದ ಶಿಫಾರಸು ನೋಡಿ ನಕ್ಷೆ ಮಾಡ್ರಿ ಅಂತ ಹೇಳ್ರಿ.

ಇನ್ನೊಂದು. ಬ್ಯಾಸಿಗಿಯೊಳಗ ಎರಿ ಬಿರಿದಾಗ ಮ್ಯಾಲ ಮಣ್ಣು ಸುರಿದು ಒಡ್ಡು ಹಾಕ್ತಾರ. ಒಡ್ಡಿನ ಕೆಳಗ ಬಿರುಕು ಹಂಗ ಇರ್ತೈತಿ. ಮೊದಲ ದೊಡ್ಡ ಮಳಿಗೆ ನೀರು ಬಿರುಕಿನಾಗಿಂದ ಆಚಿ ಕಡೆ ಚಿಮ್ಮತೈತಿ, ಒಂದು ತಾಸಿನೊಳಗ ಒಡ್ಡು ಬಾಯಿ ಬಿಡ್ತೈತಿ. ಒಡ್ಡಿನ ತಳದಾಗ ಒಂದಡಿ ಆಳ ಅಗೆದು, ಹೆಂಟಿ ಒಡೆದು, ನೀರು ಚಿಮುಕಿಸಿ, ತುಳಿದು ತುಂಬಬೇಕು. ಅರ್ಧ ಅಡಿ ಅರ್ಧ ಅಡಿ ಪದರಾಗಿ ಏರಿಸಬೇಕು. ಜೆಸಿಬಿ ಬಕೆಟ್ಟಿನಿಂದ ಸುರಿದು ಮ್ಯಾಲ ಎರಡು ಸಲ ತಟ್ಟಿದ್ರ ಅದು ಒಡ್ಡಲ್ಲ, ಮಣ್ಣಿನ ಗುಡ್ಡಿ.

ಕುಷ್ಟಗಿ_ಮಡ್ಡಿ
ಧನ್ಯವಾದ ಅಣ್ಣಾರೆ. ಮಸಾರಿ ಒಡ್ಡಿನ ಅಳತೆ, ಮಡ್ಡಿ ಮೇಲೆ ನೀರು ಇಂಗಿಸಲು ತೋಡುವ ಟ್ರೆಂಚಿನ (ಕಂದಕದ) ಅಳತೆ ಯಾರಾದರೂ ಬಿಡಿಸಿ ಹೇಳಿ. ಮಡ್ಡಿಯಲ್ಲಿ ಕುರಿ ಮೇಯಿಸುವವರು ಕೆಲಸಕ್ಕೆ ಒಪ್ಪುತ್ತಿಲ್ಲ, ಅದೂ ಒಂದು ತೊಡಕು.

ಲೆವೆಲ್_ಪಟ್ಟಿ
ಮಸಾರಿ ಒಡ್ಡು: ತಳ 2 ಮೀಟರ್, ತಲೆ ಅರ್ಧ ಮೀಟರ್, ಎತ್ತರ 60 ಸೆಂ.ಮೀ. ಹೊಸ ಮಣ್ಣು ಕುಸಿದು ಕೂರುವುದರಿಂದ ಕಟ್ಟುವಾಗ 70–75 ಸೆಂ.ಮೀ. ಏರಿಸಿ. ಎರಡು ಒಡ್ಡುಗಳ ನಡುವಿನ ಎತ್ತರದ ವ್ಯತ್ಯಾಸಕ್ಕೆ ಹಳೇ ಸೂತ್ರ ಇದೆ: ಇಳಿಜಾರಿನ ಶೇಕಡಾವನ್ನು ಮೂರರಿಂದ ಭಾಗಿಸಿ, ಎರಡು ಕೂಡಿಸಿ, 0.3ರಿಂದ ಗುಣಿಸಿ. ಇಳಿಜಾರು 2 ಇದ್ದರೆ 0.8 ಮೀಟರ್ ಬರುತ್ತದೆ, ಅಂದರೆ ನೆಲದ ಮೇಲೆ 40 ಮೀಟರಿಗೊಂದು ಒಡ್ಡು. ರೈತರ ಬದು ಇದಕ್ಕೆ ಹತ್ತಿರದಲ್ಲೇ ಇದ್ದರೆ ಬದುವನ್ನೇ ಗಟ್ಟಿ ಮಾಡಿ. ಹೊಲದ ನಡುವೆ ಸೊಟ್ಟ ಗೆರೆ ಎಳೆದರೆ ಎತ್ತು, ಕೂರಿಗೆ, ಟ್ರಾಕ್ಟರ್ ತಿರುಗಿಸೋದು ಕಷ್ಟವಾಗಿ ಅದು ಉಳಿಯೋದಿಲ್ಲ.

ಒಡ್ಡಿಗಿಂತ ಮುಖ್ಯ ಅದರ ಗುಂಡಾವರ್ತಿ, ಅಂದರೆ ಹೆಚ್ಚಾದ ನೀರು ಹೊರಬೀಳುವ ಕಲ್ಲಿನ ಬಾಯಿ. ಒಡ್ಡಿನ ತಲೆಗಿಂತ 30 ಸೆಂ.ಮೀ. ಕೆಳಗೆ ಅದರ ಹೊಸ್ತಿಲು ಇರಬೇಕು. ನೀರು ಬೀಳುವ ಕಡೆ ಒಂದೂವರೆ ಮೀಟರ್ ಉದ್ದಕ್ಕೆ ಕಲ್ಲು ಹಾಸಬೇಕು, ಹಾಸಿನ ಕೊನೆಯಲ್ಲಿ ದೊಡ್ಡ ಕಲ್ಲುಗಳನ್ನು ನೆಲದೊಳಗೆ ನಿಲ್ಲಿಸಿ ಹೂಳಬೇಕು. ಈ ಹಾಸು ಬಿಟ್ಟ ಕಡೆ ನೀರು ಬಿದ್ದು ಗುಂಡಿ ತೋಡುತ್ತದೆ, ಗುಂಡಿ ಹಿಂದಕ್ಕೆ ತಿನ್ನುತ್ತಾ ಬಂದು ಹೊಸ್ತಿಲು ಕಳಚುತ್ತದೆ. ಒಡೆದ ಒಡ್ಡುಗಳ ಹತ್ತಿರ ಹೋಗಿ ನೋಡಿದರೆ ಬಹಳಷ್ಟು ಕಡೆ ಕಾಣೋದು ಇದೇ.

ಮಡ್ಡಿಗೆ ಉದ್ದುದ್ದ ಟ್ರೆಂಚ್ ಬೇಡ. ಒಂದು ಕಡೆ ಮಟ್ಟ ತಪ್ಪಿದರೂ ಎಲ್ಲಾ ನೀರು ಅಲ್ಲಿಗೇ ನುಗ್ಗುತ್ತದೆ. ನಾಲ್ಕು ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಆಳದ ಬಿಡಿ ಬಿಡಿ ಟ್ರೆಂಚ್ ತೋಡಿ. ಮೇಲಿನ ಸಾಲಿನಲ್ಲಿ ಬಿಟ್ಟ ಜಾಗಕ್ಕೆ ಸರಿಯಾಗಿ ಕೆಳಗಿನ ಸಾಲಿನ ಟ್ರೆಂಚ್ ಬರಬೇಕು. ಒಂದೊಂದರಲ್ಲಿ ಒಂದು ಘನ ಮೀಟರ್ ನೀರು. ಹೆಕ್ಟೇರಿಗೆ 250 ತೋಡಿದರೆ 25 ಮಿ.ಮೀ. ಹರಿವನ್ನು ಹಿಡಿಯುತ್ತದೆ. ಬೋಳು ಮಡ್ಡಿಯಲ್ಲಿ 50 ಮಿ.ಮೀ. ಮಳೆ ಬಿದ್ದು ಅರ್ಧ ಹರಿದರೂ ನಿಲ್ಲುತ್ತದೆ. 70 ಹೆಕ್ಟೇರಿಗೆ ಒಂದು ಸಲಕ್ಕೆ 17,500 ಘನ ಮೀಟರ್. ನಿಮ್ಮ ನಾಲ್ಕು ಚೆಕ್ ಡ್ಯಾಂ ಒಂದು ಸಲಕ್ಕೆ ಹಿಡಿಯೋದು 6,800.

ತೋಡಿದ ಮಣ್ಣು ಕೆಳಗಡೆಗೇ ಹಾಕಬೇಕು, ಟ್ರೆಂಚಿನ ಅಂಚಿನಿಂದ ಒಂದಡಿ ಜಾಗ ಬಿಟ್ಟು. ಅಂಚಿಗೇ ಹಾಕಿದರೆ ಮೊದಲ ಮಳೆಗೆ ಅದೇ ಮಣ್ಣು ಒಳಗೆ ಜಾರುತ್ತದೆ. ಗಟ್ಟಿ ಬಂಡೆ ಸಿಕ್ಕಲ್ಲಿ ಹಠ ಮಾಡದೆ ಅಲ್ಲಿ ಕಲ್ಲಿನ ಸಾಲು ಒಡ್ಡಿ. ಮಟ್ಟ ಹಿಡಿಯಲು ಯಂತ್ರವೇ ಬೇಕೆಂದಿಲ್ಲ. 15 ಮೀಟರ್ ಪಾರದರ್ಶಕ ಪೈಪು, ಎರಡು ಅಳತೆ ಕೋಲು, ಒಳಗೆ ನೀರು, ಇಷ್ಟು ಸಾಕು. ಪೈಪಿನಲ್ಲಿ ಒಂದು ಗಾಳಿಗುಳ್ಳೆ ಉಳಿದರೂ ಮಟ್ಟ ತಪ್ಪು ತೋರಿಸುತ್ತದೆ. ಎರಡೂ ಕೋಲು ಅಕ್ಕಪಕ್ಕ ನಿಲ್ಲಿಸಿ ನೀರು ಸಮ ಬರುತ್ತದೋ ನೋಡಿಯೇ ಹೊರಡಿ.

ಕುರಿಹಟ್ಟಿ
ಕುರಿಯವರು ಒಪ್ಪದಿರುವುದಕ್ಕೆ ಕಾರಣ ಇದೆ. 70 ಹೆಕ್ಟೇರನ್ನೂ ಒಮ್ಮೆಗೇ ಮುಚ್ಚುತ್ತೇವೆ ಅಂದರೆ ಅವರ ಕುರಿ ಎಲ್ಲಿಗೆ ಹೋಗಬೇಕು? ಯೋಜನೆಯ ಮೊದಲ ಏಟು ಭೂಮಿ ಇಲ್ಲದವರ ಮೇಲೆ ಬೀಳಬಾರದು. ಕೊಪ್ಪಳ, ರಾಯಚೂರು ಕಡೆ ಕೆಂಗುರಿ ಸಾಕಣೆ ಅನ್ನೋದು ಉಪಕಸುಬಲ್ಲ, ಬಹಳ ಮನೆಗಳಿಗೆ ಅದೇ ನಗದು ಆದಾಯ.

ಮಡ್ಡಿಯನ್ನು ಮೂರು ಭಾಗ ಮಾಡಿ. ಒಂದು ಭಾಗ ಎರಡು ಮಳೆಗಾಲ ಮುಚ್ಚಿ ಕೆಲಸ ಮಾಡಿ, ಅಲ್ಲಿ ಹುಲ್ಲು ಎದ್ದ ಮೇಲೆ ಮುಂದಿನ ಭಾಗ. ಮುಚ್ಚಿದ ಕಡೆ ಕುಡುಗೋಲಿನಿಂದ ಕೊಯ್ದು ಒಯ್ಯಲು ಕುರಿಯವರಿಗೇ ಮೊದಲ ಹಕ್ಕು ಅಂತ ಗ್ರಾಮಸಭೆ ನಡಾವಳಿಯಲ್ಲಿ ಬರೆಸಿ. ಬಾಯಿಮಾತು ಸಾಲದು.

ಟ್ರೆಂಚಿನ ಮಣ್ಣಿನ ಮೇಲೆ ಸ್ಟೈಲೋ (ಮೇವಿನ ಬೆಳೆ) ಬೀಜ ಹಾಕಿ. ಎರಚುವುದಾದರೆ ಹೆಕ್ಟೇರಿಗೆ 10 ಕೆ.ಜಿ., ಸಾಲಿಗಾದರೆ 6. ಬೀಜದ ಸಿಪ್ಪೆ ಗಟ್ಟಿ. 80 ಡಿಗ್ರಿ ಬಿಸಿನೀರಲ್ಲಿ ನಾಲ್ಕೈದು ನಿಮಿಷ ಇಟ್ಟು ತೆಗೆದು, ರಾತ್ರಿ ತಣ್ಣೀರಲ್ಲಿ ನೆನೆಸಿ, ನೆರಳಲ್ಲಿ ಆರಿಸಿ ಬಿತ್ತಬೇಕು. ಹಂಗೇ ಎರಚಿದರೆ ಮೊಳಕೆ ಬಹಳ ಕಡಿಮೆ. ಗಿಡಗಳಿಗೆ ಕಮರ, ಬೇವು, ಸೀತಾಫಲ, ಬಾರಿ, ಬನ್ನಿ ಸಾಕು. ಸೀತಾಫಲವನ್ನು ಕುರಿ, ಆಡು ಮುಟ್ಟೋದಿಲ್ಲ, ಹಣ್ಣು ಮಾರಾಟಕ್ಕೂ ಆಗುತ್ತದೆ. ಬಳ್ಳಾರಿ ಜಾಲಿಯನ್ನು ಬರೀ ಕಡಿದರೆ ಒಂದರ ಬದಲು ಹತ್ತು ಟಿಸಿಲು ಬರುತ್ತವೆ. ಬೊಡ್ಡೆಯನ್ನು ನೆಲದೊಳಗೆ ಒಂದಡಿ ತನಕ ಕಿತ್ತು ತೆಗೆಯಬೇಕು. ಆದರೆ ಎಲ್ಲಾ ಒಮ್ಮೆಗೆ ಕೀಳಬೇಡಿ, ಬೇರೆ ಹಸಿರು ಬರುವ ತನಕ ಇಳಿಜಾರಿನ ಮಣ್ಣು ಹಿಡಿದಿರೋದು ಅದೊಂದೇ. ಊರಿನ ಒಲೆ ಉರಿಯೋದೂ ಅದರಿಂದಲೇ.

ಹಳ್ಳದ_ದಂಡಿ
ಚೆಕ್ ಡ್ಯಾಂ ಬೇಡವೇ ಬೇಡ ಅನ್ನೋ ಹಂಗೆ ಚರ್ಚೆ ಹೋಗಬಾರದು. ಕೆಳಗಿನ ಬಾವಿ, ಕೊಳವೆಬಾವಿ ಮರುಪೂರಣಕ್ಕೆ ಅದು ಬೇಕು. ಮೇಲಿನ ಕೆಲಸ ಮುಗಿದ ಮೇಲೆ ಕಟ್ಟಿ, ಎಷ್ಟು ಬೇಕೋ ಅಷ್ಟೇ ಕಟ್ಟಿ.

ಮೊದಲು ಮಡ್ಡಿಯಿಂದ ಇಳಿಯುವ ಸಣ್ಣ ಕೊರಕಲುಗಳಿಗೆ ಕಲ್ಲಿನ ತಡೆ. ಎತ್ತರ ಒಂದು ಮೀಟರ್ ಮೀರಬಾರದು. ಕೆಳಗಿನ ತಡೆಯ ತಲೆ ಮೇಲಿನ ತಡೆಯ ಬುಡದ ಮಟ್ಟಕ್ಕೆ ಬರಬೇಕು. ಇಳಿಜಾರು ನೂರಕ್ಕೆ 5 ಇದ್ದರೆ 20 ಮೀಟರಿಗೊಂದು. ತಳದಲ್ಲಿ ಒಂದಡಿ ಅಗೆದು ಕಲ್ಲು ಕೂರಿಸಿ, ಎರಡೂ ದಂಡೆಯೊಳಗೆ ಅರ್ಧ ಮೀಟರ್ ತೂರಿಸಿ. ನೀರು ಬರುವ ಕಡೆ ಇಳುಕಲು ಒಂದಕ್ಕೆ ಒಂದು (ಎತ್ತರ ಒಂದಕ್ಕೆ ಅಡ್ಡ ಒಂದು), ಬೀಳುವ ಕಡೆ ಒಂದಕ್ಕೆ ಎರಡೋ ಮೂರೋ. ದೊಡ್ಡ ಕಲ್ಲು ಹೊರಗಡೆಗೆ, ಸಣ್ಣವು ಒಳಗೆ. ಗೌಂಡಿಗಳು ಚೆಂದ ಕಾಣಲಿ ಅಂತ ತಲೆಯನ್ನು ಸಪಾಟು ಮಾಡುತ್ತಾರೆ, ತಡೆ ಕೆಡೋದು ಅಲ್ಲಿಂದಲೇ. ತಲೆ ಸಪಾಟಾದರೆ ನೀರು ಪಕ್ಕದ ದಂಡೆಯನ್ನು ಕೊರೆದು ಸುತ್ತಿ ಹೋಗುತ್ತದೆ, ಕಲ್ಲು ಒಣಗಿ ನಿಂತಿರುತ್ತವೆ. ನಡುವೆ ಒಂದಡಿ ತಗ್ಗು ಇರಲೇಬೇಕು.

ಹಳ್ಳದ ಚೆಕ್ ಡ್ಯಾಂಗೆ ಕೋಡಿಯ ಅಗಲವನ್ನು ಲೆಕ್ಕ ಹಾಕಿಯೇ ನಿರ್ಧರಿಸಿ. ಮೇಲೆ 300 ಹೆಕ್ಟೇರ್ ಇದೆ, ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಹರಿಯುವ ಪಾಲು) 0.3, ಮಳೆಯ ರಭಸ ಗಂಟೆಗೆ 60 ಮಿ.ಮೀ. ಹಿಡಿದರೆ ಮೂರನ್ನೂ ಗುಣಿಸಿ 360ರಿಂದ ಭಾಗಿಸಿ: ಸೆಕೆಂಡಿಗೆ 15 ಘನ ಮೀಟರ್. ಕೋಡಿ ಮೇಲೆ 90 ಸೆಂ.ಮೀ. ನೀರು ಹಾಯಬಹುದು ಅಂದರೆ ಒಂದು ಮೀಟರ್ ಅಗಲಕ್ಕೆ ಸುಮಾರು 1.45 ಘನ ಮೀಟರ್ ಹೋಗುತ್ತದೆ, ಹತ್ತೂವರೆ ಮೀಟರ್ ಕೋಡಿ ಬೇಕು. ಪಕ್ಕದ ಗೋಡೆ ಆ ನೀರಿನ ಮಟ್ಟಕ್ಕಿಂತ ಅರ್ಧ ಮೀಟರ್ ಮೇಲಿರಲಿ. ಎಸ್ಟಿಮೇಟಿನಲ್ಲಿ ಹಣ ಉಳಿಸೋಕೆ ಕೋಡಿಯನ್ನು ಆರು ಮೀಟರಿಗೆ ಇಳಿಸಿದರೆ ರೆಕ್ಕೆಗೋಡೆ (ಪಕ್ಕದ ಗೋಡೆ) ಹಿಂದಿನ ಮಣ್ಣು ತೊಳೆದು ಹೋಗುತ್ತದೆ. ಆಮೇಲೆ ದುರಸ್ತಿಗೆ ಬೇರೆ ಅಂದಾಜುಪಟ್ಟಿ.

ಮರಳಿನ ಬಗ್ಗೆ ಯಾರೂ ಹೇಳಲಿಲ್ಲ. ದೊಡ್ಡ ಹಳ್ಳವೊಂದರ ಒಂದು ಕಿ.ಮೀ. ಉದ್ದದಲ್ಲಿ 30 ಮೀಟರ್ ಅಗಲ, 2 ಮೀಟರ್ ಆಳ ಮರಳಿದ್ದರೆ 60,000 ಘನ ಮೀಟರ್. ಐದನೇ ಒಂದು ಭಾಗ ನೀರು ಬಿಟ್ಟುಕೊಡುತ್ತದೆ ಅಂದರೂ 12,000. ಬಿಸಿಲಿಗೆ ಆವಿಯಾಗದ ನೀರದು, ಏಳು ಚೆಕ್ ಡ್ಯಾಂ ಹಿಡಿಯುವಷ್ಟು. ಮರಳು ಲಾರಿ ಹತ್ತಲು ಬಿಟ್ಟು ಸಿಮೆಂಟಿನ ಗೋಡೆ ಕಟ್ಟೋದರಲ್ಲಿ ಅರ್ಥವಿಲ್ಲ. 2019ರಲ್ಲಿ ಕೊಪ್ಪಳದ ಗವಿಮಠದ ಶ್ರೀಗಳ ಮುಂದಾಳತ್ವದಲ್ಲಿ ಜನ ಸೇರಿ ಹಿರೇಹಳ್ಳವನ್ನು ಇಪ್ಪತ್ತು ಕಿ.ಮೀ.ಗೂ ಹೆಚ್ಚು ಉದ್ದಕ್ಕೆ ಜಾಲಿ, ಹೂಳು ತೆಗೆದು ಹಸನು ಮಾಡಿದರು. ನಮ್ಮ ಜಿಲ್ಲೆಯಲ್ಲಿ ಹಳ್ಳ ಅನ್ನೋದು ಎಲ್ಲರ ಆಸ್ತಿ ಅನ್ನೋ ಮಾತಿಗೆ ಕಣ್ಣಮುಂದಿನ ಉದಾಹರಣೆ ಅದು. ಗ್ರಾಮಸಭೆಯಲ್ಲಿ ಹೇಳಿ, ಜನಕ್ಕೆ ನಾಟುತ್ತದೆ.

ಸಿಂಧನೂರು_ಕೊನೆಭಾಗ
ನಮ್ಮ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ಇದೆ, ಈ ಒಡ್ಡು-ಟ್ರೆಂಚಿನ ವಿಷಯ ಒಣಬೇಸಾಯದವರದ್ದು ಅಂತ ನಮ್ಮ ರೈತರು ತಿಳಿದಿದ್ದಾರೆ. ಅದು ಸರಿಯಲ್ಲ. ತುಂಗಭದ್ರಾ ಜಲಾಶಯ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು, ಈಗ 105.79. ಹೂಳಿಗೆ ಹೋದದ್ದು 27 ಟಿಎಂಸಿ. ಒಂದು ಟಿಎಂಸಿ ಅಂದರೆ 2.83 ಕೋಟಿ ಘನ ಮೀಟರ್. ಭತ್ತಕ್ಕೆ 1,200 ಮಿ.ಮೀ. ನೀರು ಹಿಡಿದರೆ ಎಕರೆಗೆ 4,850 ಘನ ಮೀಟರ್. ಕಾಲುವೆಯ ಸೋರಿಕೆ ಲೆಕ್ಕಕ್ಕೆ ಹಿಡಿಯದಿದ್ದರೆ ಒಂದು ಟಿಎಂಸಿಗೆ 5,800 ಎಕರೆ, 27 ಟಿಎಂಸಿಗೆ ಒಂದೂವರೆ ಲಕ್ಷ ಎಕರೆಯ ಒಂದು ಬೆಳೆ. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಅಕ್ಕಿ ಗಿರಣಿ, ಹಮಾಲರು, ಲಾರಿ, ಗೊಬ್ಬರದ ಅಂಗಡಿ ಎಲ್ಲವೂ ಈ ನೀರಿನ ಮೇಲೇ ನಿಂತಿವೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕಿತ್ತು ಹೋದಾಗ ಈ ಪಟ್ಟಣಗಳ ಪೇಟೆಯೇ ಉಸಿರು ಬಿಗಿಹಿಡಿದಿತ್ತು. ಗೇಟು ಹೋದದ್ದು ಎಲ್ಲರಿಗೂ ಕಂಡಿತು. ಹೂಳು ವರ್ಷವರ್ಷ ತಿನ್ನೋದು ಕಾಣೋದಿಲ್ಲ.

ಲೆವೆಲ್_ಪಟ್ಟಿ
ಒಂದು ಸ್ಪಷ್ಟನೆ. ಜಲಾಶಯದ ಜಲಾನಯನ ಪ್ರದೇಶ 28,000 ಚದರ ಕಿ.ಮೀ.ಗೂ ಹೆಚ್ಚು, ಬಹುಪಾಲು ಶಿವಮೊಗ್ಗ, ಚಿಕ್ಕಮಗಳೂರು, ದಾವಣಗೆರೆ, ಹಾವೇರಿ ಕಡೆ. ಕುಷ್ಟಗಿಯಲ್ಲಿ ಒಡ್ಡು ಹಾಕಿದರೆ ಅಣೆಕಟ್ಟಿನ ಹೂಳು ಕಡಿಮೆಯಾಗುತ್ತದೆ ಅಂತ ಗ್ರಾಮಸಭೆಯಲ್ಲಿ ಹೇಳಬೇಡಿ, ಆ ಮಾತು ನಿಲ್ಲೋದಿಲ್ಲ. ಮೇಲಿನ ಜಿಲ್ಲೆಗಳ ಕಾಡು, ಹೊಲ ಕಾಯಲು ಅಚ್ಚುಕಟ್ಟಿನ ಜಿಲ್ಲೆಗಳು ಒತ್ತಾಯಿಸಬೇಕು, ಅದು ಬೇರೆ ಹೋರಾಟ. ನಿಮ್ಮೂರಿನ ಲಾಭ ನಿಮ್ಮೂರಿನ ಮಣ್ಣು, ಬಾವಿಯಲ್ಲೇ ಇದೆ.

ಸಂಡೂರು_ಕಣಿವೆ
ಬಳ್ಳಾರಿ ಕಡೆಯ ಒಂದು ಮಾತು ಸೇರಿಸುತ್ತೇನೆ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ ಮೇಲೆ ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಕಡ್ಡಾಯವಾಯಿತು. ಅದರಲ್ಲಿ ಇರೋದೂ ಇದೇ ಸಾಮಾನು: ಮಣ್ಣುಗುಡ್ಡೆಯ ಬುಡಕ್ಕೆ ಕಲ್ಲಿನ ಗೋಡೆ, ಸುತ್ತ ಮಾಲೆಗಾಲುವೆ, ಹೂಳು ತಂಗುವ ಹೊಂಡ, ಕಣಿವೆಗೆ ಸರಣಿ ಚೆಕ್ ಡ್ಯಾಂ. ಗಣಿಯ ಕೆಂಪು ದೂಳು ಬಹಳ ಸಣ್ಣ, ನೀರು ನಿಂತರೂ ಬೇಗ ತಳ ಹಿಡಿಯೋದಿಲ್ಲ. ಹೊಂಡ ಎರಡು ಮೂರು ಸಾಲಾಗಿ ಇದ್ದರೆ ಮಾತ್ರ ಕೆಲಸ ಮಾಡುತ್ತದೆ. ಮೇ ತಿಂಗಳೊಳಗೆ ಹೂಳೆತ್ತದಿದ್ದರೆ ಜೂನ್ ಮಳೆಗೆ ಹಳೇ ಹೂಳೂ ಹೊಸ ಹೂಳೂ ಕೂಡಿಯೇ ಕೆಳಗಿನ ಹೊಲಕ್ಕೆ, ನಾರಿಹಳ್ಳಕ್ಕೆ ಇಳಿಯುತ್ತದೆ. ಜಿಲ್ಲಾ ಖನಿಜ ಪ್ರತಿಷ್ಠಾನದ (ಗಣಿಯವರು ಹಣ ಕಟ್ಟುವ ನಿಧಿ) ಹಣ, ಕಾರ್ಖಾನೆಗಳ ನಿಧಿ ಎರಡೂ ಹೊಸ ಕಟ್ಟಡಕ್ಕೆ ಸಲೀಸಾಗಿ ಸಿಗುತ್ತವೆ, ಹೂಳೆತ್ತೋಕೆ ಸಿಗೋದಿಲ್ಲ. ಕಾರ್ಖಾನೆಯವರ ಹತ್ತಿರ ಒಪ್ಪಂದ ಮಾಡುವಾಗಲೇ ಐದು ವರ್ಷದ ಹೂಳೆತ್ತುವಿಕೆ, ದುರಸ್ತಿ ಸೇರಿಸಿ ಬರೆಸಿಕೊಳ್ಳಿ.

ಲೆಕ್ಕದ_ಪುಸ್ತಕ
ದುಡ್ಡಿನ ವಿಷಯ ಬಂತಲ್ಲ, ಅದನ್ನು ನಾನು ಬಿಡಿಸುತ್ತೇನೆ.

ಕೇಂದ್ರದ ಜಲಾನಯನ ಯೋಜನೆಯ 2021ರ ಮಾರ್ಗಸೂಚಿಯಲ್ಲಿ ಬಯಲು ಪ್ರದೇಶಕ್ಕೆ ಹೆಕ್ಟೇರಿಗೆ 22,000 ರೂಪಾಯಿ ದರ ಇದೆ. 500 ಹೆಕ್ಟೇರಿಗೆ 1.1 ಕೋಟಿ. ನಿಮ್ಮ ಹತ್ತಿರ ಆ ಯೋಜನೆ ಇಲ್ಲ, ಇರೋದು ಎರಡು ಮೂಲ. ಉದ್ಯೋಗ ಖಾತ್ರಿಯಲ್ಲಿ ಕೂಲಿ–ಸಾಮಗ್ರಿ 60:40 ಅನುಪಾತ ನೋಡಲೇಬೇಕು. ಚೆಕ್ ಡ್ಯಾಂ ಪೂರ್ತಿ ಸಿಮೆಂಟು, ಕಬ್ಬಿಣ; ಆ ಹಣವನ್ನು ಅಲ್ಲಿಗೆ ಹಾಕಿದರೆ ಸಾಮಗ್ರಿ ಪಾಲು ಬೇಗ ಮುಗಿದು ಬಿಲ್ಲು ನಿಲ್ಲುತ್ತದೆ. ಟ್ರೆಂಚ್, ಒಡ್ಡು, ಕಲ್ಲಿನ ತಡೆ ಬಹುತೇಕ ಕೂಲಿಯೇ. ಖಾತ್ರಿ ಹಣ ಮೇಲಿಗೆ, ಕಾರ್ಖಾನೆಯ ಹಣ ಹಳ್ಳಕ್ಕೆ. ಮಾರ್ಚ್, ಏಪ್ರಿಲ್, ಮೇಯಲ್ಲಿ ಮಡ್ಡಿ ಕೆಲಸ ಇಟ್ಟರೆ ಗುಳೆ ಹೋಗುವ ತಿಂಗಳಲ್ಲಿ ಊರಲ್ಲೇ ಕೂಲಿ ಸಿಗುತ್ತದೆ. ಗುಳೆ ನಿಂತರೆ ಮಕ್ಕಳ ಶಾಲೆ ತಪ್ಪೋದಿಲ್ಲ, ದನ ಮಾರೋದು ತಪ್ಪುತ್ತದೆ.

ಇನ್ನು ಅಂತರ್ಜಲ. ನಿಮ್ಮ ಕೆಳಗಿರೋದು ಕಣಶಿಲೆ. ಸವೆದ ಪದರ ಬಿಟ್ಟುಕೊಡುವ ನೀರು ನೂರಕ್ಕೆ 2 ಅಂತ ಹಿಡಿಯಿರಿ. 500 ಹೆಕ್ಟೇರಲ್ಲಿ ನೀರಿನ ಮಟ್ಟ ಒಂದು ಮೀಟರ್ ಏರಿದರೆ ಸಿಗೋದು ಒಂದು ಲಕ್ಷ ಘನ ಮೀಟರ್. ಇದರಿಂದ ಭತ್ತ ಬೆಳೆದರೆ 20 ಎಕರೆ. ಬೇಸಿಗೆ ಶೇಂಗಾ ಆದರೆ 50 ಎಕರೆ. ಹಿಂಗಾರಿ ಕಡಲೆಗೋ ಜೋಳಕ್ಕೋ ತಲಾ 50 ಮಿ.ಮೀ.ನ ಎರಡು ಆಸರೆ ನೀರು ಕೊಟ್ಟರೆ 250 ಎಕರೆ. ಅದೇ ನೀರು. ಎರಡು ಮನೆಯವರ ಭತ್ತಕ್ಕೆ ಹೋಗಬೇಕೋ, ನೂರು ಮನೆಯವರ ಕಡಲೆ ಕಾಳು ಕಟ್ಟುವ ಹೊತ್ತಿಗೆ ಹೋಗಬೇಕೋ ಅನ್ನೋದನ್ನು ಊರು ತೀರ್ಮಾನಿಸದಿದ್ದರೆ ಕೊಳವೆಬಾವಿ ಇದ್ದವರು ತೀರ್ಮಾನಿಸುತ್ತಾರೆ. ಒಳ್ಳೆ ಕೆಲಸ ಆದ ಊರುಗಳಲ್ಲೂ ಮೂರ್ನಾಲ್ಕು ವರ್ಷದಲ್ಲಿ ಬಾವಿ ಬತ್ತೋದು ಈ ಕಾರಣಕ್ಕೇ: ನೀರು ಏರಿದ ಸುದ್ದಿ ಕೇಳಿ ಹೊಸ ಬೋರು ಬೀಳುತ್ತವೆ.

ನವೆಂಬರ್ ಮೊದಲ ವಾರ ಹತ್ತು ಬಾವಿ ಗುರುತಿಸಿ ಮಟ್ಟ ಅಳೆಯಿರಿ, ಪಂಚಾಯಿತಿ ಗೋಡೆ ಮೇಲೆ ಬರೆಯಿರಿ. ಅದನ್ನು ನೋಡಿ ಹಿಂಗಾರಿಗೆ ಎಷ್ಟು ಎಕರೆಗೆ ನೀರು ಅಂತ ಮಾತಾಡಿ. ಅಂತರ್ಜಲ ಕಾಯ್ದೆ 2011ರಿಂದ ಇದೆ, ಆದರೆ ಕಾಯ್ದೆ ಬಂದು ಊರಿನ ಮೋಟಾರು ನಿಲ್ಲಿಸೋದಿಲ್ಲ, ಊರಿನ ಮಾತೇ ನಿಲ್ಲಿಸಬೇಕು.

ಎರಿಹೊಲ_ಯಲಬುರ್ಗಾ
ಎರಿಯವರಿಗೆ ಕೃಷಿ ಹೊಂಡ ಮರೀಬ್ಯಾಡ್ರಿ. 21 ಮೀಟರ್ ಚೌಕ, 3 ಮೀಟರ್ ಆಳ, ದಂಡಿ ಇಳುಕಲು ಒಂದಕ್ಕ ಒಂದೂವರೆ ಆದ್ರ ಸುಮಾರು 840 ಘನ ಮೀಟರ್ ನೀರು. 50 ಮಿ.ಮೀ. ಒಂದು ನೀರಿಗೆ ಎಕರೆಗೆ 200 ಬೇಕು, ಆವಿ ಕಳೆದು ಮೂರು ಎಕರೆಗೆ ಗ್ಯಾರಂಟಿ. ಆಳದ ಎರಿಯಾಗ ತಾಡಪಾಲು ಬೇಕಾಗಿಲ್ಲ, ತಾನ ಮುಚ್ಚಿಕೊಳ್ತೈತಿ. ಗರಸು ಹತ್ತಿದ್ರ ಮಾತ್ರ ಹಾಕ್ರಿ. ನೀರು ಒಳಗ ಬರೋ ಬಾಯಿಗೆ ಎರಡು ಮೀಟರಿನ ಹೂಳುಗುಂಡಿ ಬೇಕು. ಸುತ್ತ ತಂತಿಬೇಲಿ ಇಲ್ಲದ ಹೊಂಡ ತೋಡಲೇಬ್ಯಾಡ್ರಿ, ಮಕ್ಕಳು ಬೀಳ್ತಾವ.

ಕುಷ್ಟಗಿ_ಮಡ್ಡಿ
ಬಹಳ ಉಪಯೋಗ ಆಯ್ತು. ಎರಡು ಪ್ರಶ್ನೆ ಉಳಿದಿವೆ. ಮಣ್ಣಿನ ಆಳ, ಇಳಿಜಾರು ಸರ್ವೆ ನಂಬರ್ ವಾರು ಎಲ್ಲಿ ಸಿಗುತ್ತದೆ? ಇನ್ನೊಂದು, ಗುಂಡಾವರ್ತಿ ನಮ್ಮ ಹೊಲದ ಕಡೆ ಬೇಡ ಅಂತ ಕೆಳಗಿನ ಹೊಲದವರು ತಕರಾರು ಮಾಡುತ್ತಾರೆ, ಅದಕ್ಕೇನು?

ಲೆವೆಲ್_ಪಟ್ಟಿ
ರಾಜ್ಯದ ಜಲಾನಯನ ಯೋಜನೆ ಸುಜಲಾ-3ರಲ್ಲಿ ಕೊಪ್ಪಳ ಜಿಲ್ಲೆ ಇತ್ತು. ಆಗ ಭೂ ಸಂಪನ್ಮೂಲ ಸಮೀಕ್ಷೆ ಮಾಡಿ ಕಿರು ಜಲಾನಯನವಾರು ಭೂಪಟ ಪುಸ್ತಕ ಮಾಡಿದ್ದಾರೆ. ಮಣ್ಣಿನ ಆಳ, ಇಳಿಜಾರು, ಗರಸಿನ ಪ್ರಮಾಣ, ಯಾವ ಸರ್ವೆ ನಂಬರಿಗೆ ಯಾವ ಒಡ್ಡು ಅನ್ನೋದೂ ಅದರಲ್ಲಿದೆ. ನಿಮ್ಮ ಕಿರು ಜಲಾನಯನದ್ದು ಆಗಿದೆಯೋ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಜಲಾನಯನ ಅಭಿವೃದ್ಧಿ ಇಲಾಖೆಯಲ್ಲಿ ಕೇಳಿ. ನಕ್ಷೆ ಸಿಕ್ಕರೂ ಹೊಲಕ್ಕೆ ಹೋಗಿ ನಾಲ್ಕು ಕಡೆ ಗುಂಡಿ ತೋಡಿ ತಾಳೆ ನೋಡಿ.

ಹಳ್ಳದ_ದಂಡಿ
ಗುಂಡಾವರ್ತಿಯ ತಕರಾರಿಗೆ ಮೇಲಿನ, ಕೆಳಗಿನ ಎರಡೂ ಹೊಲದವರನ್ನು ಒಟ್ಟಿಗೆ ನಿಲ್ಲಿಸಿ ಗುರುತು ಹಾಕಿ. ನೀರು ಮೊದಲಿಂದ ಎಲ್ಲಿ ಇಳಿಯುತ್ತಿತ್ತೋ ಅಲ್ಲಿಗೇ ಇಡಿ, ಹೊಸ ಜಾಗಕ್ಕೆ ತಿರುಗಿಸಬೇಡಿ. ಜಗಳ ಹುಟ್ಟೋದು ತಿರುಗಿಸಿದಾಗ. ಕೆಳಗಿನ ಹೊಲದಲ್ಲಿ ನೀರು ಬೀಳುವ ಜಾಗದಿಂದ ಅವರ ಒಡ್ಡಿನ ಗುಂಡಾವರ್ತಿ ತನಕ ಮೂರಡಿ ಅಗಲದ ಹುಲ್ಲಿನ ಪಟ್ಟಿ ಬಿಡಿಸಿ. ಎರಡೂ ಗುಂಡಾವರ್ತಿ ಒಂದೇ ಸಾಲಿಗೆ ಬರಬಾರದು. ಮೇಲಿನದು ಎಡಗಡೆ ಇದ್ದರೆ ಕೆಳಗಿನದು ಬಲಗಡೆ ಇರಲಿ. ನೀರು ಹೊಲ ದಾಟುವಾಗ ನಿಧಾನವಾಗಿ ಹರಡಿ ಇಂಗುತ್ತದೆ. ಕೆಲಸ ಮುಗಿದ ವರ್ಷ ಮೊದಲ ಮೂರು ದೊಡ್ಡ ಮಳೆಗೂ ಮಳೆ ನಿಂತ ತಕ್ಷಣ ಯಾರಾದರೂ ಸಲಿಕೆ ಹಿಡಿದು ಒಡ್ಡಿನ ಉದ್ದಕ್ಕೂ ನಡೆಯಬೇಕು. ಇಲಿಬಿಲ, ಕುಸಿದ ತಲೆ, ಜರುಗಿದ ಕಲ್ಲು ಅವತ್ತೇ ಸರಿಮಾಡಿದರೆ ಎರಡು ಬುಟ್ಟಿ ಮಣ್ಣಿನ ಕೆಲಸ. ಆ ನಡೆಯುವವರ ಹೆಸರು, ಸರ್ವೆ ನಂಬರ್ ಸಮೇತ, ಗ್ರಾಮಸಭೆಯ ಅದೇ ನಡಾವಳಿಯಲ್ಲಿ ಬರೆಸಿ.